ಎರಡನೇ ಮಹಡಿಯಲ್ಲಿ ಇಳಿಸಿದ ಸಿಲಿಂಡರ್

ಏದುಸಿರು ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಇಪ್ಪತ್ತೆಂಟು ವರ್ಷದಿಂದ ಅಮೃತಹಳ್ಳಿ ಸುತ್ತಮುತ್ತ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುತ್ತಿದ್ದೇನೆ. ಹೆಗಲಿಗೇರಿಸಿದ ಸಿಲಿಂಡರನ್ನು ಅಡುಗೆಮನೆಯಲ್ಲೇ ಇಳಿಸಬೇಕು, ನಡುವೆ ಮೆಟ್ಟಿಲ ಮೇಲೆ ಇಳಿಸಿದವನು ಗಂಡಸೇ ಅಲ್ಲ ಎಂಬುದು ನಾನೇ ಮಾಡಿಕೊಂಡ ಕಾನೂನು. ಓದಿದವರಿಗೆ ಬುದ್ಧಿ ಹೇಳುವ ಭಾಗ್ಯವೂ ಈ ಕೆಲಸದಲ್ಲಿ ಸಿಗುತ್ತದೆ. "ಆ ಇನ್ನೊಂದು ಕಂಪನಿ ಗ್ಯಾಸು ಜಾಸ್ತಿ ದಿನ ಬರುತ್ತಂತಲ್ಲ?" ಎಂದು ಕೇಳುವವರಿಗೆಲ್ಲ, "ಹೆಸರು ಬೇರೆ ಅಷ್ಟೇ ಕಣಮ್ಮಾ, ಒಳಗಿರೋದು ಒಂದೇ" ಎಂದು ಹೇಳಿ ನಗುತ್ತೇನೆ.

ಅಂಥ ನನಗೆ ಬಿಪಿ ಬಂತು. ಬರಲಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಮಾತ್ರೆಯ ಮೇಲೆ. ಕಾಯಿಲೆ ಇದ್ದಾಗ ಕುದುರೆಯ ಹಾಗೆ ಹತ್ತುತ್ತಿದ್ದವನು, ಕಡಲೆಬೀಜದಷ್ಟೂ ಇಲ್ಲದ ಮಾತ್ರೆ ನುಂಗತೊಡಗಿದ ಮೂರೇ ವಾರಕ್ಕೆ ಮೊದಲ ಮಹಡಿಯಲ್ಲೇ ಬಾಯಿ ಬಿಡುವ ಹಾಗಾದೆ. ಕಾಲು ಒದ್ದೆ ಗೋಣಿಚೀಲದಷ್ಟು ಭಾರ. ಒಂದು ಮಂಗಳವಾರ ಲಿಫ್ಟಿಲ್ಲದ ಮನೆಯೊಂದರ ಎರಡನೇ ಮಹಡಿಯ ತಿರುವಿನಲ್ಲಿ ಕಣ್ಣು ಮಂಜಾಗಿ ಸಿಲಿಂಡರ್ ಇಳಿಸಿಯೇಬಿಟ್ಟೆ. ಅದರ ಮೇಲೆ ಕೂತೂಬಿಟ್ಟೆ. ಸೊಪ್ಪಿನ ಚೀಲ ಹಿಡಿದು ಹಿಂದಿನಿಂದ ಬಂದ ಮೂರನೇ ಮಹಡಿಯ ಅಜ್ಜಿ, ಎಪ್ಪತ್ತು ದಾಟಿದವರು, ನನ್ನನ್ನೂ ದಾಟಿ ಮೇಲೆ ಹೋಗಿ, ತಿರುಗಿ ನೋಡಿ, "ನಾನೂ ಒಂದ್ ಕೈ ಹಾಕ್ಲೇನಪ್ಪಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಮಾತ್ರೆಯನ್ನು ಬೈದೆ, ಬರೆದುಕೊಟ್ಟ ಡಾಕ್ಟರನ್ನು ಬೈದೆ, ಮುದ್ದೆ ಸಣ್ಣದಾಯಿತೆಂದು ಹೆಂಡತಿ ಜಯಮ್ಮನನ್ನೂ ಬೈದೆ. "ನಾಳೆಯಿಂದ ಒಂದನ್ನೂ ನುಂಗಲ್ಲ!"

"ಓಹೋ, ನೀವೇ ಡಾಕ್ಟ್ರು. ಪಾಪ, ಅವ್ರು ಸುಮ್ನೆ ಅಷ್ಟು ವರ್ಷ ಓದಿದ್ರು. ನಡೀರಿ" ಎಂದು ಅವಳು ನಮ್ಮ ಬೀದಿಯ ಕ್ಲಿನಿಕ್ಕಿಗೆ ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ನಾಡಿ ಹಿಡಿದು ಗಡಿಯಾರ ನೋಡಿದರು. ಎದೆಗೆ ವೈರು ಅಂಟಿಸಿ ಉದ್ದದ ಕಾಗದವೊಂದನ್ನು ತೆಗೆದು, ಅದನ್ನೂ ನೋಡಿದರು. "ಎದೆಬಡಿತ ತುಂಬಾ ನಿಧಾನ ಆಗಿದೆ. ನಾನ್ ಕೊಟ್ಟಿದ್ದಲ್ದೆ ಬೇರೆ ಮಾತ್ರೆ ಏನಾದ್ರೂ ತಗೋತಿದ್ದೀರಾ?"

"ಇಲ್ಲ ಮೇಡಂ" ಎಂದೆ. ಮೊದಲ ಸಲ ಬಂದಾಗಲೂ ಹಾಗೇ ಹೇಳಿದ್ದೆ. ಫೀಸು ಕೊಟ್ಟು ಕಾಲಮೇಲೆ ಕಾಲು ಹಾಕಿ ಕೂತವನು, ಯಲಹಂಕದ ಬಿಟ್ಟಿ ಆರೋಗ್ಯ ಶಿಬಿರದಲ್ಲಿ ಕ್ಯೂ ನಿಂತು ಮಾತ್ರೆ ತಂದಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಶಿಬಿರದವರದೊಂದು, ಇವರದೊಂದು, ದಿನಾ ಬೆಳಗ್ಗೆ ಎರಡನ್ನೂ ನುಂಗಿ ಇಬ್ಬರ ಮರ್ಯಾದೆಯನ್ನೂ ಉಳಿಸುತ್ತಿದ್ದೆ.

ಜಯಮ್ಮ ಚೀಲದಿಂದ ಎರಡೂ ಮಾತ್ರೆಗಳ ಶೀಟು ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಹೆಸರು ಬೇರೆ ಅಷ್ಟೇ ಕಣ್ರೀ, ಒಳಗಿರೋದು ಒಂದೇ! ಎರಡರಷ್ಟು ನುಂಗಿದ್ರೆ ಸುಸ್ತಾಗ್ದೆ ಇನ್ನೇನಾಗುತ್ತೆ? ಇನ್ನೊಂದ್ ವಾರ ಹೀಗೇ ಆಗಿದ್ರೆ ಮೆಟ್ಟಿಲ ಮೇಲೇ ಬಿದ್ದಿರ್ತಿದ್ರಿ."

"ಈ ಮಾತು ಇವ್ರಿಗೆ ಗೊತ್ತು ಮೇಡಂ," ಎಂದಳು ಜಯಮ್ಮ, "ದಿನಾ ಊರಿಗೆಲ್ಲಾ ಹೇಳ್ತಾರೆ."

ಈಗ ಒಂದೇ ಮಾತ್ರೆ. ಉಸಿರು ವಾಪಸು ಬಂದಿದೆ. ಸಿಟ್ಟು ಮಾತ್ರ ಹಾಗೇ ಇದೆ. ಯಾರ ಮೇಲೆ ಇಳಿಸುವುದೆಂದು ಗೊತ್ತಾಗದೆ ಅದನ್ನೂ ಹೊತ್ತುಕೊಂಡೇ ಮಹಡಿ ಹತ್ತುತ್ತಿದ್ದೇನೆ. ನಿನ್ನೆ ಆ ಅಜ್ಜಿಯ ಅಡುಗೆಮನೆಯವರೆಗೂ ಎಲ್ಲೂ ಇಳಿಸದೆ ಹೋದೆ. ಅವರು ಸಿಲಿಂಡರನ್ನೊಮ್ಮೆ ತಟ್ಟಿ ನೋಡಿ, "ಇದಕ್ಕಿಂತ ಆ ಇನ್ನೊಂದು ಕಂಪನೀದು ಚೆನ್ನಾಗಿ ಉರಿಯುತ್ತಂತಲ್ಲಪ್ಪಾ?" ಎಂದರು.

"ಇರ್ಬೋದಜ್ಜಿ" ಎಂದು ಹೇಳಿ ಇಳಿದು ಬಂದೆ.