ಪಕ್ಕದ ಮಂಚದವನ ಕ್ಷೇಮಸಮಾಚಾರ

ಮೊಮ್ಮಕ್ಕಳೇ, ಪಲ್ಲವಿ, ಓಬಳೇಶ! ನಾನು ನಾಲ್ಕು ಜನರ ಮುಂದೆ ಬಾಯಿ ಬಿಡದ ಹೆಂಗಸೆಂದು ನಿಮಗೆ ಗೊತ್ತು. ನಿಮ್ಮ ತಾತ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಪಾಲು ಹಾಗೇ ಉಳಿದುಬಿಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ. ಯಾರು ಬಂದು ಹೇಗಿದ್ದೀರಿ ಎಂದರೂ "ಚೆನ್ನಾಗೈತ್ರಿ" ಎನ್ನುವುದು ನಮ್ಮ ದೇವಸಮುದ್ರದ ಕಡೆಯ ರೂಢಿ. ಕಾಲು ಮುರಿದುಕೊಂಡು ಮಲಗಿದವರೂ ಹಾಗೇ ಅನ್ನುತ್ತಾರೆ.

ಚಳ್ಳಕೆರೆಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ನಿಮ್ಮ ಮಂಜುಳತ್ತೆಗೆ ಈ ರೂಢಿಯೇ ತಲೆನೋವು. ಸೈನ್ಯದ ತುಕಡಿಗಳಲ್ಲಿ ವಾತಾವರಣ ಹೇಗಿದೆ, ಜವಾನರು ಸಾಹೇಬರ ಹತ್ತಿರ ಕಷ್ಟ ಹೇಳಿಕೊಳ್ಳಬಹುದೇ ಎಂದು ಅಳೆಯುವ ಪ್ರಶ್ನೆಗಳನ್ನು ಅವಳು ಕನ್ನಡಕ್ಕೆ ತಂದಿದ್ದಳು. ಅವು ನಿಜವಾಗಿ ಅದನ್ನೇ ಅಳೆಯುತ್ತವೆಯೋ ಇಲ್ಲವೋ ಎಂದು ಮೊದಲು ಪರೀಕ್ಷಿಸಬೇಕಂತೆ, ತಕ್ಕಡಿಯನ್ನೇ ತೂಗಿದ ಹಾಗೆ. ಊರಿನ ಶಾಲೆಯಲ್ಲಷ್ಟೇ ಓದಿದವಳಿಗೆ ಅರ್ಥವಾದರೆ ಎಲ್ಲರಿಗೂ ಆಗುತ್ತದೆಂದು ನನ್ನನ್ನೇ ಮೊದಲು ಕೂರಿಸಿದಳು. ತುಕಡಿಯ ಬದಲು ನಮ್ಮ ಮನೆ ಅಂದುಕೊಳ್ಳಬೇಕು.

"ಇಲ್ಲಿ ನನ್ನ ಮಾತು ಕೇಳ್ತಾರೆ. ಒಪ್ತೀಯೇನವ್ವ?"

"ಹೂಂ."

ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಿ ನನ್ನ ಮಾತು ಯಾರೂ ಕೇಳಲ್ಲ. ಒಪ್ತೀಯಾ?"

"ಹೂಂ."

"ಎರಡಕ್ಕೂ ಹೂಂ ಅಂದ್ರೆ ಹೆಂಗವ್ವ?"

"ಕೇಳಿದೋಳು ಮಗಳು. ಇಲ್ಲ ಅನ್ನಾಕಾಗ್ತೈತಾ?"

ಸೈನ್ಯದಿಂದ ರಜೆಗೆ ಬಂದಿದ್ದ ನಿಮ್ಮಪ್ಪ ತಿಪ್ಪೇಶ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವನ ತುಕಡಿಯ ಬಗ್ಗೆ ಅವನನ್ನೂ ಕೇಳಿದಳು. ಎಲ್ಲದಕ್ಕೂ ಉತ್ತಮ, ಬಲು ಉತ್ತಮ. "ನೋಡವ್ವ, ಅಣ್ಣನ ತುಕಡಿ ಸ್ವರ್ಗ ಐತೆ" ಎಂದು ನಕ್ಕಳು. ಆಗಲೇ ಒಳಗೆ ಕುಕ್ಕರ್ ಕೂಗಿತು. ಸ್ವರ್ಗದಿಂದ ಬಂದವನು ತಲೆಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೆ ಬಿದ್ದ. ಮಂಜುಳ ನಗು ನಿಲ್ಲಿಸಿದಳು. ನಾಳಿದ್ದು ಅವನು ಹೊರಡಬೇಕಿತ್ತು. ಹೀಗೇ ಕಳಿಸಿದರೆ ತಿರುಗಿ ಬರುತ್ತಾನೋ ಇಲ್ಲವೋ.

ನಾನು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. "ನಿನ್ ಕುರಿ ಹೆಂಗೈದಾವೆ?" ಎಂದರೆ ನಮ್ಮಪ್ಪ ದೃಷ್ಟಿಯ ಭಯಕ್ಕೋ ಮರ್ಯಾದೆಗೋ ನಿಜ ಹೇಳುತ್ತಿರಲಿಲ್ಲ. "ಪಕ್ಕದ ಹಟ್ಟಿಯವು ಹೆಂಗೈದಾವೆ?" ಎಂದರೆ ಮಾತ್ರ ತನ್ನ ಕುರಿಗಳ ಕೆಮ್ಮು, ಕುಂಟು, ಎಲ್ಲವನ್ನೂ ಪಕ್ಕದ ಹಟ್ಟಿಯ ಹೆಸರಿನಲ್ಲಿ ಹೇಳಿ ಹಗುರಾಗುತ್ತಿದ್ದ. ಊರಿನವರೆಲ್ಲ ಹಾಗೇ ಕೇಳುತ್ತಿದ್ದರು.

ಅವತ್ತು ರಾತ್ರಿ ಮುದ್ದೆ ಬಡಿಸುತ್ತಾ ಕೇಳಿದೆ, "ತಿಪ್ಪೇಶ, ನಿನ್ ಪಕ್ಕದ ಮಂಚದೋನು ಹೆಂಗೈದಾನಪ್ಪ?"

ತುತ್ತು ಕೈಯಲ್ಲೇ ನಿಂತಿತು. "ಅವನಿಗೆ ನಿದ್ದೆ ಇಲ್ಲವ್ವ. ಹೇಳ್ಕೊಳ್ಳಾಕೆ ಹೋದ್ರೆ ಸಾಹೇಬರು ಎಲ್ಲರ ಮುಂದೆ, ಸೀರೆ ಉಟ್ಕೊಂಡು ಬಾ ಅಂದ್ರು. ಈಗ ಬಂದೂಕು ಒರೆಸ್ತಾ ಅದನ್ನೇ ನೋಡ್ತಾ ಕುಂತಿರ್ತಾನೆ."

"ನಾಳೆ ಡಾಕ್ಟರ ಹತ್ರ ಕರ್ಕಂಡು ಹೋಗಾನ."

"ಯಾರನ್ನ?"

"ಪಕ್ಕದ ಮಂಚದೋನ್ನ. ನೀನೂ ಜೊತೆಗೆ ಬಾ."

ಬಂದ. ರಜೆ ಇನ್ನಷ್ಟು ಸಿಕ್ಕಿತು, ಮಾತ್ರೆ ನಡೆದಿದೆ. ಮಂಜುಳ ಕಣ್ಣೊರೆಸಿಕೊಂಡು ನನ್ನನ್ನು ಹೊಗಳಿದಳು. ನಾನೂ ಸ್ವಲ್ಪ ಬೀಗಿದೆ. ಮೊನ್ನೆ ತಿಪ್ಪೇಶ ತಾನಾಗಿಯೇ ಬಾಯಿ ಬಿಟ್ಟ: "ಪಕ್ಕದ ಮಂಚದೋನು ನಿಜವಾಗ್ಲೂ ಇದ್ದನವ್ವ. ಅವನು ಗುಂಡು ಹಾರಿಸ್ಕೊಂಡು ಸತ್ತು ಮಂಚ ಖಾಲಿ ಆದ್ಮೇಲೇ ನನ್ನ ನಿದ್ದೆ ಹೋಗಿದ್ದು. ಮಂಜುಳ ಕೇಳಿದಂಥ ಪ್ರಶ್ನೆ ತುಕಡಿಯಾಗೆ ಕೊಟ್ಟಾಗ ಅವನೂ ಎಲ್ಲದಕ್ಕೂ ಉತ್ತಮ ಅಂತಾನೇ ಗೀಟು ಹಾಕಿದ್ದ."

ನನ್ನ ಜಂಬ ಅಲ್ಲಿಗೆ ಇಳಿಯಿತು. ಆ ಹುಡುಗನಿಗೂ ಒಬ್ಬ ಅವ್ವ ಇದ್ದಿರಬೇಕು. ಅವಳೂ ಫೋನಿನಲ್ಲಿ "ಹೆಂಗಿದೀಯಪ್ಪ" ಎಂದೇ ಕೇಳಿರಬೇಕು.

ಮಕ್ಕಳೇ, ಬಂದಾಗ ನನ್ನನ್ನು ಹೇಗಿದ್ದೀಯಜ್ಜಿ ಎಂದು ಕೇಳಬೇಡಿ; ಚೆನ್ನಾಗೈತೆ ಎಂದುಬಿಡುತ್ತೇನೆ. ಪಕ್ಕದ ಮನೆಯ ಮುದುಕಿ ಹೇಗಿದ್ದಾಳೆ ಎಂದು ಕೇಳಿ. ಪಕ್ಕದ ಮನೆಯಲ್ಲಿ ಮುದುಕಿ ಯಾರೂ ಇಲ್ಲ, ಆದರೂ ಕೇಳಿ. ಮರೆತುಹೋಗದಂತೆ ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ.