ಹೆಂಡ್ತಿ ಮಸ್ಕತ್ತಿನ್ಯಾಗ ದುಡೀತಾಳ, ಏನೀಗ?

ನನ್ನ ಹೆಂಡ್ತಿ ಮಸ್ಕತ್ತಿನ್ಯಾಗ ನರ್ಸ್ ಅದಾಳ. ನಾನು ಕಲಬುರಗಿ ಬ್ರಹ್ಮಪುರದಾಗ ಬಾಡಿಗಿ ಮನಿಯೊಳಗ ನಮ್ಮವ್ವನ್ನ, ಮಗಳನ್ನ ನೋಡ್ಕೊಂಡು ಅದೀನಿ. ಈ ಎರಡು ಮಾತು ಯಾರ ಮುಂದ ಹೇಳಿದ್ರೂ ಅಲ್ಲೊಂದು ತಮಾಷಾ ಆಗೂದು ಗ್ಯಾರಂಟಿ. ಗಂಡ ದುಬೈಕ್ಕ ಹೋದ್ರ ಮಂದಿ ‘ದುಡ್ಯಾಕ ಹೋಗ್ಯಾನ’ ಅಂತಾರ. ಹೆಂಡ್ತಿ ಹೋದ್ರ ‘ಬಿಟ್ಟು ಹೋಗ್ಯಾಳ’ ಅಂತಾರ. ಇಬ್ಬರೂ ಹತ್ತೂದು ಅದೇ ವಿಮಾನ.

ಖರೆ ಹೇಳಬೇಕಂದ್ರ ನಾನು ಕುಂತು ತಿನ್ನಾಂವ ಅಲ್ಲ. ತೊಗರಿ ಬ್ಯಾಳಿ ಮಿಲ್ಲಿನ್ಯಾಗ ಲೆಕ್ಕ ಬರೀತಿದ್ದೆ, ಮಿಲ್ ಬಂದ್ ಆತು. ಆಕಿ ಇಲ್ಲೇ ಒಂದು ದವಾಖಾನ್ಯಾಗ ಹಗಲು ರಾತ್ರಿ ಡ್ಯೂಟಿ ಮಾಡ್ತಿದ್ಳು. ಆ ಪಗಾರ ಬಾಡಿಗಿಗೆ, ಕಿರಾಣಿಗೆ ಮುಗೀತಿತ್ತು. ಮಸ್ಕತ್ತಿನ ಕೆಲಸ ಬಂತು, ಇಬ್ಬರೂ ಕೂತು ಮಾತಾಡಿದ್ವಿ, ಆಕಿ ಹೋದ್ಳು. ಈಗ ನಾನು ಮನಿಗೆಲಸ ಮುಗಿಸಿ ಉಳಿದ ಹೊತ್ತಿನ್ಯಾಗ ಅಂಗಡಿಯವರ ಜಿಎಸ್‌ಟಿ ಲೆಕ್ಕ ಮಾಡಿಕೊಡ್ತೀನಿ. ಆಕಿ ನೆನಪಾಗೂದಿಲ್ಲೇನು ಅಂತ ಕೇಳ್ತಾರ. ಆಗ್ತದ, ಭಾಳ ಆಗ್ತದ. ಆದ್ರ ನನಗ ನೆನಪಾಗ್ತದ ಅಂತ ಆಕಿ ಕೆಲಸ ಬಿಡಬೇಕೇನು?

ಈ ವರ್ಷ ಆಕಿ ಕರಾರು ಮುಗ್ಯಾಕ ಬಂದದ. ಇನ್ನೂ ಎರಡು ವರ್ಷ ಇದ್ದು, ಮಗಳನ್ನ ಕಾಲೇಜಿಗೆ ಹಚ್ಚಿ ಬರಬೇಕು ಅಂತ ಆಕಿ ಆಸೆ. ಆದ್ರ ಫೋನಿನ್ಯಾಗ ಒಂದು ಮಾತು ಖಡಕ್ ಹೇಳ್ಯಾಳ: “ಅತ್ತಿ ಬಾ ಅಂದ್ರ ಬಂದುಬಿಡ್ತೀನಿ. ಅವರ ಮನಸ್ಸು ನೋಯಿಸಿ ಇಲ್ಲಿ ಇರೂದಿಲ್ಲ.” ನಮ್ಮವ್ವ ‘ಬಾ’ ಅನ್ನಲಿಲ್ಲ, ‘ಇರು’ ಅಂತನೂ ಅನ್ನಲಿಲ್ಲ. ಮಂದಿ ಕೇಳಿದ್ರ ಸೆರಗು ಹೊದ್ಕೊಂಡು ಸುಮ್ಮ ಕೂಡ್ತಿದ್ಳು. ಬಾಯಿ ಮಾಡೋ ಮಂದಿಗಿಂತ ಸುಮ್ಮ ಕೂಡೋ ಅವ್ವಗೇ ನಾ ಹೆಚ್ಚು ಅಂಜತಿದ್ದೆ.

ಸಾಲಿ ಮೀಟಿಂಗ್

ಮಗಳ ಸಾಲ್ಯಾಗ ಪಾಲಕರ ಮೀಟಿಂಗ್ ಇತ್ತು. ಬೆಂಚಿನ ಮ್ಯಾಲ ಸಾಲಾಗಿ ತಾಯಂದ್ರು ಕೂತಿದ್ರು, ನಡುವ ಗಡ್ಡದಾಂವ ನಾನೊಬ್ಬ. ಟೀಚರ್ ನನ್ನ ನೋಡಿ, “ತಾಯಿ ಬರ್ಲಿಲ್ಲೇನ್ರಿ?” ಅಂದ್ರು.

“ಮಸ್ಕತ್ತಿನ್ಯಾಗ ಅದಾಳ್ರಿ. ನರ್ಸ್.”

ಟೀಚರ್ ಮಾರಿ ಸಣ್ಣದಾತು. “ಅದಕ್ಕೇ ನೋಡ್ರಿ. ತಾಯಿ ಮನಿಯಾಗ ಇಲ್ಲಂದ್ರ ಮಕ್ಕಳು ಓದಿನಾಗ ಹಿಂದ ಬೀಳ್ತಾವ. ನಾ ಇಂಥಾವು ಎಷ್ಟು ನೋಡೀನಿ” ಅಂತ ಹೇಳ್ಕೋತನೇ ಮಾರ್ಕ್ಸ್ ಕಾರ್ಡ್ ತೆಗದ್ರು. ನೋಡಿದ್ರು. ಚಷ್ಮಾ ಏರಿಸಿ ಮತ್ತ ನೋಡಿದ್ರು. ತಾಯಿ ಇಲ್ಲಿದ್ದಾಗ ಗಣಿತದಾಗ ನಪಾಸಾಗ್ತಿದ್ದ ಹುಡುಗಿ ಈಗ ವರ್ಗಕ್ಕ ಎರಡನೇದಾಕಿ. ಟ್ಯೂಶನ್ ರೊಕ್ಕ ಆಕಿ ಅವ್ವ ಕಳಸ್ತಾಳ, ಸಂಜಿಕ ಕೂಡಿಸಿ ಓದಸಾಂವ ನಾನು.

ಟೀಚರ್ ಸೋಲಲಿಲ್ಲ. ಕಾರ್ಡ್ ಮುಚ್ಚಿ, “ಶಾಣ್ಯಾ ಹುಡುಗಿ ಅದಾಳ್ರಿ. ತಾಯಿ ಇದ್ದಿದ್ರ ಮೊದಲನೇ ನಂಬರ್ ಬರ್ತಿದ್ಳು” ಅಂದ್ರು.

ನನಗ ತಡ್ಯಾಕ ಆಗ್ಲಿಲ್ಲ. “ತಾಯಿ ಮಸ್ಕತ್ತಿಗೆ ಹೋದ ಮ್ಯಾಲೇ ಎರಡನೇ ನಂಬರ್ ಬಂದಾಳ್ರಿ. ಮೊದಲನೇ ನಂಬರ್ ಬರಬೇಕಂದ್ರ ನಾನೂ ಎಲ್ಲಿಗ್ಯಾರ ಹೋಗಬೇಕೇನ್ರಿ?”

ಕಾಕಾನ ಬುದ್ಧಿಮಾತು

ಕಮಲಾಪುರದಾಗ ನಮ್ಮ ಕಾಕಾ ಅದಾನ, ನಮ್ಮಪ್ಪನ ತಮ್ಮ. ಸಂತಿಗೆ ಕಲಬುರಗಿಗೆ ಬಂದಾಗೆಲ್ಲ ತನ್ನ ತೋಟದ ಕೆಂಪು ಬಾಳಿಹಣ್ಣು ಹಿಡ್ಕೊಂಡು ನಮ್ಮ ಮನಿಗೆ ಬರ್ತಾನ. ಹಣ್ಣು ಭಾಳ ರುಚಿ, ಜೋಡಿ ಬರೋ ಮಾತು ಮಾತ್ರ ಒಗರು.

ಅವತ್ತೂ ಉಂಡಾ. ನಾ ಬಡದ ರೊಟ್ಟಿ ಮೂರು, ಪುಂಡಿಪಲ್ಲ್ಯಾ ಎರಡು ಸಲ. ಉಣ್ಣೂದರ ಉದ್ದಕ್ಕೂ ಬುದ್ಧಿ ಹೇಳಿದ. “ತಮ್ಮಾ, ಹೆಣ್ಣಮಗಳು ಪರದೇಶದಾಗ ದುಡದ ರೊಕ್ಕ ಮನಿಗೆ ಆಗಿ ಬರೂದಿಲ್ಲ. ನಮ್ಮ ಮನೆತನದಾಗ ಯಾರೂ ಹಿಂಗ ಮಾಡಿಲ್ಲ. ಕರಕೊಂಡು ಬಾ ಆಕಿನ್ನ.” ನಮ್ಮವ್ವ ಒಳಗ ಕೂತು ಎಲ್ಲಾ ಕೇಳಾಕತ್ತಿದ್ಳು. ನಾ ಮಜ್ಜಿಗಿ ಹಾಕ್ಕೋತ ಹೋದೆ, ಅವರು ಹಿರ್ಯಾರು.

ಕೈ ತೊಳಕೊಂಡು, ಟವೆಲ್ಲಿಗೆ ಒರಿಸ್ಕೊಂಡು, ಹೊಸ್ತಲಾ ದಾಟೂ ಹೊತ್ತಿಗೆ ಕಾಕಾ ದನಿ ಇಳಿಸಿದ. “ತಮ್ಮಾ, ಬೋರಿನ ಮೋಟರ್ ಸುಟ್ಟದ. ಬಾಳಿ ಒಣಗಾಕತ್ತದ. ಈ ತಿಂಗಳು ಅಲ್ಲಿಂದ ರೊಕ್ಕ ಬಂದಾಗ ಒಂದೀಟು ನೋಡು.”

“ಕಾಕಾ, ಆ ರೊಕ್ಕ ಮನಿಗೆ ಆಗಿ ಬರೂದಿಲ್ಲ ಅಂದ್ರಿ.”

ಕಾಕಾ ಹೊಸ್ತಲಾ ದಾಟಿ ಹೊಳ್ಳಿ ನಿಂತ. ಆಮ್ಯಾಲ ಭಾಳ ಸಮಾಧಾನದಿಂದ ಹೇಳಿದ: “ಮನಿಗೆ ಆಗಿ ಬರೂದಿಲ್ಲ, ಖರೆ ಅದ. ಹೊಲಕ್ಕ ನಡೀತದ.”

ಮಣಿ ಮ್ಯಾಲಿನ ಫೋನ್

ಕಮಲಾಪುರದಾಗ ನಮ್ಮ ಹಳೇ ಮನಿ ಮಾಳಿಗಿ ಕುಸದಿತ್ತು. ಆಕಿ ಕಳಿಸಿದ ರೊಕ್ಕದಾಗ ಸ್ಲ್ಯಾಬ್ ಹಾಕ್ಸಿ, ಬಣ್ಣಾ ಹಚ್ಚಿ, ಪೂಜಾ ಇಟ್ಕೊಂಡ್ವಿ. ಪೂಜಾ ಮಾಡಾಕ ಬಂದ ಅಯ್ಯನೋರು ಎರಡು ಮಣಿ ಹಾಕಿ, “ದಂಪತಿ ಕೂಡ್ರಿ” ಅಂದ್ರು. ನಾನೊಬ್ಬನೇ ಕೂತೆ.

“ಹಿಂಗ ನಡಿಯೂದಿಲ್ರಿ. ಮನಿಯಾಕಿ ಬೇಕು.”

“ಮನಿ ಕಟ್ಟಿಸಿದಾಕೀನೇ ಆಕಿ. ಈಗ ಕರೀತೀನಿ ತಡೀರಿ” ಅಂದು ವಿಡಿಯೋ ಕಾಲ್ ಹಚ್ಚಿ, ಫೋನ್ ಎರಡನೇ ಮಣಿ ಮ್ಯಾಲ ತಂಬಿಗಿಗೆ ಆನಿಸಿ ನಿಲ್ಲಿಸಿದೆ. ಆಕಿ ಡ್ಯೂಟಿ ನಡುವ ಬಿಡುವು ಮಾಡ್ಕೊಂಡು, ನರ್ಸ್ ಬಟ್ಟಿ ಮ್ಯಾಲೇ ಹಣಿಗೆ ಇಬತ್ತಿ ಹಚ್ಕೊಂಡು ಕೈ ಮುಗದು ನಿಂತಿದ್ಳು. ಅಯ್ಯನೋರು ಹಿಂದ ಮುಂದ ನೋಡಿದ್ರು, ಆಮ್ಯಾಲ ಒಪ್ಪಿದ್ರು. ನನ್ನ ಶಲ್ಯಾಕ್ಕ ಆಕಿ ಸೆರಗು ಕೂಡಿಸಿ ಹಾಕೋ ಗಂಟನ್ನ ಫೋನಿನ ಕವರಿನ ದಾರಕ್ಕ ಹಾಕಿದ್ರು.

ಓಣಿ ಮುತ್ತೈದೇರು ಬಂದು ಆಕಿಗೆ ಕುಂಕುಮ ಹಚ್ಚಿದ್ರು. ಆಕಿ ಅತ್ತಿತ್ತ ಹೊಳ್ಳಿ ಮನಿ ನೋಡೂದರಾಗ ಒಬ್ಬರ ಕುಂಕುಮ ಮೂಗಿಗೆ ಬಿತ್ತು, ಇನ್ನೊಬ್ಬರದು ಗದ್ದಕ್ಕ. ಅಲ್ಲೀ ತನಾ ಎಲ್ಲಾ ಚೊಲೊ ನಡದಿತ್ತು. ಆಮ್ಯಾಲ ಅಯ್ಯನೋರು ಹುರುಪಿಗೆ ಬಂದು ಇಬ್ಬರ ಮ್ಯಾಲೂ ನೀರು ಸಿಂಪಡಿಸಿದ್ರು. ನನಗ ಏನೂ ಆಗ್ಲಿಲ್ಲ. ಆಕಿ ಆರಿ ಹೋದ್ಳು.

ಎಲ್ಲಾರೂ ಗಾಬರಿ ಆದ್ರು. ಒದ್ದಿ ಫೋನ್ ಅಕ್ಕ್ಯಾಗ ಇಟ್ರ ಸರಿ ಹೋಗ್ತದ ಅಂತ ಯಾರೋ ಅಂದ್ರು. ನಮ್ಮವ್ವ ಲಗೂನ ಅಕ್ಷತಿ ತಾಟು ಎಳಕೊಂಡು ಫೋನ್ ಹುಗದು ಮುಚ್ಚಿದ್ಳು. ಮದುವ್ಯಾಗ ಆಕಿ ತಲಿ ಮ್ಯಾಲ ನಾಕು ಕಾಳು ಅಕ್ಕಿ ಬಿದ್ದಿದ್ವು, ಈ ಸಲ ಅವ್ವ ಪೂರ್ತಿ ಒಂದು ಸೇರು ಹಾಕಿದ್ಳು.

ಮೈಕಿನ ಮಾತು

ಹೋದ ತಿಂಗಳು ಕಾಕಾನ ಮಗನ ಮದುವಿ, ಕಮಲಾಪುರದಾಗ. ನಮ್ಮ ಕಡೆ ಮದುವಿಗೆ ಬಂದವರು ಕೊಡೋ ಆಯೇರಿಯನ್ನ ಮೈಕಿನ್ಯಾಗ ಕೂಗಿ ಹೇಳ್ತಾರ. ಯಾರು ಕೊಟ್ರು, ಏನು ಕೊಟ್ರು, ಮಂಟಪಕ್ಕೆಲ್ಲ ಕೇಳಬೇಕು. ಪ್ರತಿ ಆಯೇರಿ ಆದ ಮ್ಯಾಲ ಮೈಕಿನಾಂವ “ಅವರಿಗೆ ಎರಡೂ ಬೀಗರ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು” ಅಂತಾನ. ಹೆಸರು ಮಾತ್ರ ಗಂಡಸರವೇ. ಹೆಂಗಸು ಚೀಲದಿಂದ ತೆಗದು ಕೊಟ್ರೂ ಕೂಗೂದು ಗಂಡನ ಹೆಸರು.

ನಾನು ಹೆಂಡ್ತಿ ಪರವಾಗಿ ಉಂಗುರ ಕೊಟ್ಟು, “ಮಹಾದೇವಿ, ಮಸ್ಕತ್ ಅಂತ ಹೇಳ್ರಿ” ಅಂದೆ.

ಮೈಕಿನಾಂವ ಮೈಕಿಗೆ ಕೈ ಅಡ್ಡ ಹಿಡದು, “ನಿಮ್ಮ ಹೆಸರು ಹೇಳ್ರಿ” ಅಂದ.

“ನಂದ್ಯಾಕ್ರಿ? ದುಡದಾಕಿ ಆಕಿ, ಕೊಡಾಕಿ ಆಕಿ.”

“ರೂಢಿ ಇಲ್ರಿ.”

“ಇವತ್ತಿಂದ ಮಾಡ್ರಿ.”

ಹಿಂದ ಪಾಳಿ ಬೆಳದಿತ್ತು, ಅಂವಾ ಕೂಗೇ ಬಿಟ್ಟ. “ಮಸ್ಕತ್ತಿನ ಶ್ರೀಮತಿ ಮಹಾದೇವಿಯವರಿಂದ ಬಂಗಾರದ ಉಂಗುರ.” ಹೆಂಗಸರ ಕಡೆಯಿಂದ ಯಾರೋ ನಕ್ಕರು. ಆ ಹೆಸರು ಮೈಕಿನ್ಯಾಗ ಕೇಳಿ ನನಗ ಎದಿ ಉಬ್ಬಿತು, ಸುಳ್ಳು ಯಾಕ ಹೇಳ್ಲಿ.

ಕಾಕಾಗ ಸಿಟ್ಟು ನೆತ್ತಿಗೇರಿತು. ನಾಕು ಮಂದಿ ಹಿರ್ಯಾರನ್ನ ಕರಕೊಂಡು ನೆಟ್ಟಗ ನಮ್ಮವ್ವನ ಕಡೆ ಹೋದ. “ವೈನಿ, ನಿಮ್ಮ ಮಗ ನಾಚಿಕಿ ಬಿಟ್ಟಾನ. ನೀವಾರ ಹೇಳ್ರಿ. ಸೊಸೀನ ಕರಸ್ತೀರೋ ಇಲ್ಲೋ, ಇಲ್ಲೇ ಮಂದ್ಯಾಗ ಆಗಿ ಹೋಗ್ಲಿ.” ಹಿರ್ಯಾರೂ ದನಿಗೂಡಿಸಿದ್ರು. ಅವ್ವ ಎಂದಿನಂಗ ಸೆರಗು ಹೊದ್ಕೊಂಡ್ಳು. ಈಗ ಅವ್ವ ‘ಬಾ’ ಅಂದ್ರ ಆಕಿ ಬರ್ತಾಳ, ಎರಡು ಮಾತಿಲ್ಲ.

ಅವ್ವ ಎದ್ದಳು. ಸೊಸಿ ಕಳಿಸಿದ ರೊಕ್ಕದಾಗ ಮೊಣಕಾಲು ಆಪರೇಶನ್ ಆಗೂಕಿಂತ ಮೊದಲು ಪಾಯಖಾನಿಗೆ ಹೋಗಾಕನೂ ನನ್ನ ಹೆಗಲು ಹಿಡೀತಿದ್ದಾಕಿ, ಯಾರ ಕೈಯೂ ಹಿಡೀದೆ ಸ್ಟೇಜಿನ ಮೆಟ್ಲಾ ಏರಿದ್ಳು. ಮೈಕಿನಾಂವನ ಕೈಯಾಗಿನ ಮೈಕ್ ಕಸಗೊಂಡ್ಳು.

“ಮುಂಜಾನಿಂದ ಒಬ್ಬೊಬ್ರು ಬಂದು ಕೇಳಾಕತ್ತೀರಿ. ಎಲ್ಲಾರಿಗೂ ಒಂದೇ ಸಲ ಹೇಳ್ತೀನಿ, ಕೇಳ್ಕೊಳ್ರಿ. ನನ್ನ ಸೊಸಿ ಇನ್ನೂ ಎರಡು ವರ್ಷ ಬರೂದಿಲ್ಲ. ಬರಬ್ಯಾಡ ಅಂತ ನಾನೇ ಹೇಳಾಕತ್ತೀನಿ. ನನ್ನ ಮಗ ಅಡಿಗಿ ಮಾಡ್ತಾನ, ಮಗಳ ತಲಿ ಬಾಚ್ತಾನ, ನನಗೇನೂ ಕಡಿಮಿ ಮಾಡಿಲ್ಲ. ಆಕಿ ಬರಲೇಬೇಕು ಅನ್ನಾವ್ರು ಯಾರ್ಯಾರದೀರಿ, ಆಕಿ ಪಗಾರ ತಿಂಗಳಾ ತಿಂಗಳಾ ತಂದು ನನ್ನ ಕೈಯಾಗ ಇಡ್ರಿ. ನಾಳೇನೇ ಕರಸ್ತೀನಿ.”

ಹಿರ್ಯಾರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡ್ಕೋತ ನಿಂತ್ರು. ಕಾಕಾ ಫ್ಯಾನ್ ನೋಡಾಕತ್ತಿದ್ದ. ನನಗ ಕಣ್ಣೀರು ತಡೀಲಿಲ್ಲ, ಒರಿಸ್ಕೊಳ್ಳಾಕನೂ ಹೋಗ್ಲಿಲ್ಲ. ಅವ್ವ ಮೈಕ್ ವಾಪಸ್ ಕೊಟ್ಟು ಇಳದ್ಳು. ಮುಂಜಾನಿಂದ ಕೂಗಿ ಕೂಗಿ ಸುಸ್ತಾಗಿದ್ದ ಮೈಕಿನಾಂವ ಹಿಂದ ಮುಂದ ನೋಡ್ಲಿಲ್ಲ, ಬಾಯಿಗೆ ಬಂದ ರೂಢಿ ಮಾತು ಅಂದೇ ಬಿಟ್ಟ:

“ಅವರಿಗೆ ಎರಡೂ ಬೀಗರ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು.”