ಬಸ್ಸುಗಳನ್ನು ಒಂದುಗೂಡಿಸಿದ ಮಾವ

ನಮ್ಮ ದೇಶದಲ್ಲಿ ಬಸ್ಸುಗಳು ದಾರಿ ತಪ್ಪದೆ ಓಡುತ್ತಿರುವುದು ಶಿವಮೊಗ್ಗದ ವಿನೋಬನಗರದ ನಮ್ಮ ಮಾವನ ದೆಸೆಯಿಂದ. ಬಸ್ಸಿನವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ, ಅಷ್ಟೇ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಒಂದು ದಿನ ಫೋನಿನಲ್ಲಿ ಯಾವುದೋ ಯೋಜನೆಯ ಪ್ರಕಟಣೆ ಓದಿದರು. ದೇಶದ ಬಸ್ಸುಗಳೆಲ್ಲ ಎಲ್ಲಿ ನಿಲ್ಲುತ್ತವೆ, ಯಾವ ದಾರಿ ಹಿಡಿಯುತ್ತವೆ, ಈ ಕ್ಷಣ ಎಲ್ಲಿವೆ ಎಂಬ ಮಾಹಿತಿಯನ್ನು ಒಂದೇ ಕಡೆ ಸೇರಿಸಿ, ಎಲ್ಲರಿಗೂ ಸಿಗುವಂತೆ ಮಾಡುತ್ತಾರಂತೆ. ಅದಕ್ಕೆ ಊರೂರಿನಿಂದ ಸ್ವಯಂಸೇವಕರು ಬೇಕಂತೆ. ಮರುದಿನ ಬೆಳಿಗ್ಗೆ ಗೋಪಾಳದಲ್ಲಿರುವ ನನಗೆ ಫೋನು ಬಂತು.

"ಮಾರಾಯ್ತಿ, ಸ್ಕೂಟರ್ ತಗೊಂಡು ಬೇಗ ಬಾ. ದೇಶ ಕಾಯ್ತಾ ಇದೆ."

ದೇಶ ಕಾಯುತ್ತಿರುವಾಗ ನಾನು ದೋಸೆ ತಿನ್ನುತ್ತ ಕೂರಲಾದೀತೆ? ಹೋದೆ. ಸಿಟಿ ಬಸ್ಸಿನ ಹಿಂದೆ ನಾನು, ನನ್ನ ಹಿಂದೆ ಮಾವ. ಬಸ್ಸು ನಿಂತಲ್ಲೆಲ್ಲ ಮಾವ ಇಳಿದು ಆ ಜಾಗವನ್ನು ಫೋನಿನ ನಕ್ಷೆಗೆ ಸೇರಿಸುವುದು. ಆದರೆ ನಮ್ಮೂರಿನ ಬಸ್ಸು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಮಾವ ಕಂಡಕ್ಟರನನ್ನೇ ತಡೆದು ಕೇಳಿದರು.

"ಈ ರಸ್ತೇಲಿ ಸ್ಟಾಪ್ ಎಲ್ಲಪ್ಪಾ?"

"ಕೈ ತೋರಿಸಿದ ಕಡೆ ಸಾರ್."

"ಕೈ ಎಲ್ಲಿರುತ್ತೆ?"

ಕಂಡಕ್ಟರ್ ಯೋಚಿಸಿದ. "ಹಿಟ್ಟಿನ ಗಿರಣಿ ಹತ್ರ ಸರೋಜಮ್ಮ ನಿಂತಿರ್ತಾರೆ. ಅಲ್ಲಂತೂ ನಿಲ್ಲಿಸಲೇಬೇಕು. ಇಲ್ಲಾಂದ್ರೆ ಮಾರನೇ ದಿನ ಬೈತಾರೆ."

ಮಾವ ಸತ್ಯವಂತರು. ನಕ್ಷೆಯಲ್ಲಿ ಆ ಜಾಗಕ್ಕೆ 'ಸರೋಜಮ್ಮ ನಿಲ್ಲುವ ಜಾಗ' ಎಂದೇ ಹೆಸರಿಟ್ಟರು. ಕೆಲವು ದಿನಗಳ ನಂತರ, ಮಾಹಿತಿ ಪರಿಶೀಲಿಸುವ ಹುಡುಗಿಯೊಬ್ಬಳು ದಿಲ್ಲಿಯಿಂದ ಫೋನ್ ಮಾಡಿದಳು. ಸರೋಜಮ್ಮ ಎಂದರೆ ದೇವಸ್ಥಾನವೋ ಸ್ಮಾರಕವೋ ಎಂದು ಅವಳ ಪ್ರಶ್ನೆ. ಎರಡೂ ಅಲ್ಲ, ರವಿಕೆ ಹೊಲಿಯುತ್ತಾರೆ ಎಂದು ಮಾವ ಗಂಭೀರವಾಗಿ ವಿವರಿಸಿದರು. ಹೆಸರು ಹಾಗೇ ಉಳಿಯಿತು. ಸುದ್ದಿ ಮುಟ್ಟಿದ ಮೇಲೆ ಸರೋಜಮ್ಮನೇ ಮನೆ ಬಾಗಿಲಿಗೆ ಬಂದರು. ಬೈಯಲು ಬಂದರೇನೋ ಎಂದು ಮಾವ ಒಳಕ್ಕೆ ಸರಿದರು.

"ಮೇಷ್ಟ್ರೇ, ಮಗಳ ಮನೆಗೆ ಹೋಗ್ಬೇಕಿತ್ತು," ಎಂದರು ಆಕೆ ಸಂಕೋಚದಿಂದ. "ನಾನು ಬರೋ ತನಕ ಸ್ಟಾಪ್ ಯಾರು ನೋಡ್ಕೊಳ್ತಾರೆ?"

ಅತ್ತೆಗೆ ಇದೆಲ್ಲ ರೇಜಿಗೆ. "ಕರಿಬೇವು ತನ್ನಿ ಅಂದ್ರೆ ಅಂಗಡಿ ದಾರಿ ಮರೀತೀರ. ದೇಶಕ್ಕೆ ದಾರಿ ತೋರಿಸ್ತೀರಂತೆ."

ಮಾವ ಕಿವಿಗೆ ಹಾಕಿಕೊಳ್ಳದೆ ಶಿವಮೊಗ್ಗ–ಭದ್ರಾವತಿ ದಾರಿಗೆ ಕೈಹಾಕಿದರು. ಯೋಜನೆಯವರು ಕಳಿಸಿದ ಒಂದು ಫೋನನ್ನು ಬಸ್ಸಿನಲ್ಲಿಟ್ಟರೆ, ಆ ಬಸ್ಸು ನಕ್ಷೆಯ ಮೇಲೆ ಚುಕ್ಕಿಯಾಗಿ ಓಡಾಡುವುದು ಎಲ್ಲರಿಗೂ ಕಾಣುತ್ತದೆ. ಭದ್ರಾವತಿಯ ಡ್ರೈವರ್ ಒಬ್ಬ ಒಪ್ಪಿಕೊಂಡ. ಮೊದಲ ವಾರವೇ ಬಸ್ಸು ಕ್ಷೌರದಂಗಡಿಗೆ ಹೋಯಿತು. ಒಂದು ಬೆಳಿಗ್ಗೆ ಭದ್ರಾ ನದಿಯ ದಡದಲ್ಲಿ ಬಹಳ ಹೊತ್ತು ಕೂತಿತ್ತು. ಭಾನುವಾರ ನೇರವಾಗಿ ಕಲ್ಯಾಣ ಮಂಟಪಕ್ಕೇ ನುಗ್ಗಿತು. ಚುಕ್ಕಿ ನಂಬಿ ಬಸ್ಸು ಹುಡುಕುತ್ತ ಹೋದ ಕಾಲೇಜು ಹುಡುಗಿಯರನ್ನು ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿದು ಪಂಕ್ತಿಯಲ್ಲಿ ಕೂರಿಸಿದರು. ಅವರು ಹೋಳಿಗೆ ಉಂಡು ಬಂದು, ಸೇವೆ ಅತ್ಯುತ್ತಮ ಎಂದು ಆ್ಯಪ್‌ನಲ್ಲಿ ಬರೆದರು.

ಮಾವ ಭದ್ರಾವತಿಗೇ ಹೋಗಿ ಡ್ರೈವರನನ್ನು ವಿಚಾರಿಸಿದರು.

"ಬಸ್ಸಲ್ಲಿ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಸಾರ್," ಎಂದ ಆತ. "ಅದಕ್ಕೇ ಜೇಬಲ್ಲಿ ಜೋಪಾನವಾಗಿ ಇಟ್ಕೊಂಡಿದೀನಿ."

ಮಾವ ತಾವೇ ನಿಂತು ಫೋನನ್ನು ಸ್ಟೀರಿಂಗಿನ ಪಕ್ಕ ಮೊಳೆ ಹೊಡೆಸಿ ಕೂರಿಸಿದರು. ಅಂದಿನಿಂದ ಚುಕ್ಕಿ ಸುಳ್ಳು ಹೇಳುವುದನ್ನು ಬಿಟ್ಟಿತು.

ಆಮೇಲೊಂದು ಸಂಜೆ ಅತ್ತೆ ಭದ್ರಾವತಿಯ ಅಕ್ಕನ ಮನೆಯಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದರು. ಎದೆನೋವೆಂದು ಆಸ್ಪತ್ರೆ ಸೇರಿ ವಾಪಸಾದ ಮೇಲೆ ಅವರು ಒಬ್ಬರೇ ಹೊರಟಿದ್ದು ಅದೇ ಮೊದಲು. ಮಾವ ಮನೆಯಲ್ಲಿ ಚುಕ್ಕಿಯನ್ನೇ ನೋಡುತ್ತ ಕೂತಿದ್ದರು, ಜೊತೆಗೆ ನಾನೂ ಇದ್ದೆ. ಮಾಚೇನಹಳ್ಳಿ ಹತ್ತಿರ ಅದು ನಿಂತಿತು. ಕಾಫಿ ಕುಡಿದಾಯಿತು, ಲೋಟ ತೊಳೆದಾಯಿತು, ಚುಕ್ಕಿ ಕದಲಲಿಲ್ಲ. ಅತ್ತೆ ಫೋನ್ ಎತ್ತಲಿಲ್ಲ.

"ನೆಟ್‌ವರ್ಕ್ ಇರಲ್ಲ ಮಾವ, ಬರ್ತಾರೆ," ಎಂದೆ.

"ಅದರೊಳಗೆ ನಿಮ್ಮತ್ತೆ ಇದಾಳೆ ಕಣೇ," ಎಂದರು. ಅವರ ದನಿಯನ್ನು ನಾನು ಹಾಗೆ ಕೇಳಿದ್ದಿಲ್ಲ. ಸ್ಕೂಟರ್ ತೆಗೆದೆ.

ಬಸ್ಸು ರಸ್ತೆಯ ಬದಿಯಲ್ಲಿ ವಾಲಿ ನಿಂತಿತ್ತು. ಡ್ರೈವರ್ ಚಕ್ರ ಬಿಚ್ಚುತ್ತಿದ್ದ. ಪಕ್ಕದ ಮೋರಿ ಕಟ್ಟೆಯ ಮೇಲೆ ಅತ್ತೆ ಆರಾಮಾಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಫೋನು ಬ್ಯಾಗಿನ ತಳದಲ್ಲೆಲ್ಲೋ ಇತ್ತು.

"ನೀವ್ಯಾಕೆ ಬಂದ್ರಿ?"

"ಮಾಹಿತಿ ಸರಿ ಇದೆಯಾ ಅಂತ ನೋಡೋಕೆ," ಎಂದರು ಮಾವ ಸ್ಕೂಟರಿನಿಂದ ಇಳಿಯುತ್ತ.

ಅತ್ತೆ ಏನೋ ಚುಚ್ಚಿ ಹೇಳಲು ಬಾಯಿ ತೆರೆದವರು ಮಾವನ ಕಾಲು ನೋಡಿ ನಿಲ್ಲಿಸಿದರು. ಒಂದು ಕಾಲಿನಲ್ಲಿ ಮಾವನ ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯದು. ಅತ್ತೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಸ್ವಲ್ಪ ಸರಿದು ಕೂತರು. ಮಾವ ಪಕ್ಕದಲ್ಲಿ ಕೂತ ಮೇಲೆ, ಸುಲಿದ ಕಡಲೆಯನ್ನೆಲ್ಲ ಅವರ ಅಂಗೈಗೆ ಸುರಿದರು.